ಮಸ್ಕತ್‌ಗೆ ಮದುವೆ ಸರ್ಟಿಫಿಕೇಟು: ಅಪೋಸ್ಟಿಲ್ ಸಾಕಾ, ಎಂಬೆಸಿ ಸೀಲೂ ಬೇಕಾ?

ಕರಿಇಶಾಡು_ಅಂಕೋಲಾ

ಎಲ್ಲರಿಗೂ ನಮಸ್ಕಾರ. ನಮ್ಮನೆಯವರು ಮಸ್ಕತ್‌ಗೆ ಕೆಲಸಕ್ಕೆ ಹೋಗಿ ಎಂಟು ತಿಂಗಳಾಯ್ತು, ಈಗ ಫ್ಯಾಮಿಲಿ ವೀಸಾ ಮಾಡ್ಸೋಣ ಅಂತಿದ್ದಾರೆ. ಕಂಪನಿಯವ್ರು ಮದುವೆ ಸರ್ಟಿಫಿಕೇಟು, ಮಗಳ ಬರ್ತ್ ಸರ್ಟಿಫಿಕೇಟು ಎರಡನ್ನೂ ಅಟೆಸ್ಟ್ ಮಾಡ್ಸಿ ಕಳ್ಸಿ ಅಂದ್ರಂತೆ, ಅಷ್ಟೇ ಹೇಳಿದ್ದು. ಯಾರ ಹತ್ರ ಎಂತ ಅಟೆಸ್ಟ್ ಅಂತ ಕೇಳಿದ್ರೆ ಇವ್ರಿಗೂ ಗೊತ್ತಿಲ್ಲ.

ಕಾರವಾರದಲ್ಲಿ ಒಬ್ಬ ಏಜೆಂಟ್ ಹತ್ರ ಕೇಳ್ದೆ, ಎರಡು ಕಾಗದಕ್ಕೆ 22 ಸಾವಿರ ಅಂದ, ಗೃಹ ಇಲಾಖೆ ಅಂತೆ, ದಿಲ್ಲಿ ಅಂತೆ, ಆಮೇಲೆ ಒಮಾನ್ ಎಂಬೆಸಿ ಅಂತೆ. ನಮ್ಮ ಪಕ್ಕದ್ಮನೆ ಹುಡುಗ ಅಪೋಸ್ಟಿಲ್ (ಹೊರದೇಶಕ್ಕೆ ಹೋಗೋ ಕಾಗದಕ್ಕೆ ನಮ್ಮ ವಿದೇಶಾಂಗ ಇಲಾಖೆ ಹಾಕೋ ಸ್ಟಿಕ್ಕರಂತೆ) ಒಂದಾದ್ರೆ ಸಾಕು ಅಂತಾನೆ, ನನ್ನ ಮಾವ ನೋಟರಿ ಹತ್ರ ಸಹಿ ಹಾಕ್ಸಿದ್ರೆ ಮುಗೀತು ಅಂತಾರೆ. ಮೂರು ಜನ ಮೂರು ಥರ. ಯಾರಾದ್ರೂ ಖುದ್ದು ಮಾಡ್ಸಿದವ್ರು ಹೇಳಿ ದಯವಿಟ್ಟು. ಬೆಂಗಳೂರಿಗೆ ಹೋಗ್ಲೇಬೇಕಾ?

ಭಟ್ಕಳದವ

ತಂಗಿ, ಹತ್ತೊಂಬತ್ತು ವರ್ಷ ಗಲ್ಫಲ್ಲಿ ಇದ್ದವ ನಾನು, ಮೊದ್ಲು ದುಬೈ ಆಮೇಲೆ ಮಸ್ಕತ್, ಈ ಸೀಲಿನ ಕಥೆ ಎರಡು ಸಲ ಅನುಭವಿಸಿದ್ದೇನೆ. ಗಲ್ಫ್ ಅಂದ್ರೆ ಎಲ್ಲ ಒಂದೇ ಅಂತ ಏಜೆಂಟ್‌ಗಳು ಒಂದೇ ರೇಟ್ ಹೇಳ್ತಾರೆ, ಅಲ್ಲೇ ನಮ್ಮ ದುಡ್ಡು ಹೋಗೋದು. ಅಪೋಸ್ಟಿಲ್ ಅನ್ನೋದು 1961ರ ಹೇಗ್ ಒಪ್ಪಂದದ್ದು, ಭಾರತ ಅದರಲ್ಲಿ 2005ರಿಂದ ಇದೆ, ಒಮಾನ್ 2012ರಿಂದ ಇದೆ. ಎರಡೂ ಕಡೆಯವ್ರು ಒಪ್ಪಂದದಲ್ಲಿ ಇದ್ರೆ ಎಂಬೆಸಿ ಹತ್ರ ಹೋಗೋ ಕೆಲಸವೇ ಇಲ್ಲ, ಒಪ್ಪಂದ ಮಾಡಿದ್ದೇ ಅದ್ಕೆ. ಬಹ್ರೇನ್ ಸೇರಿದೆ, ಸೌದಿ 2022 ಡಿಸೆಂಬರಲ್ಲಿ ಸೇರ್ತು. ದುಬೈ, ಕುವೈತ್, ಕತಾರ್‌ಗೆ ಹೋಗುವವ್ರಿಗೆ ಮಾತ್ರ ಹಳೇ ದಾರಿ, ಅಂದ್ರೆ ನಮ್ಮ ವಿದೇಶಾಂಗ ಇಲಾಖೆ, ಆಮೇಲೆ ಅವರ ಎಂಬೆಸಿ, ಅಲ್ಲಿ ಇಳಿದ ಮೇಲೆ ಅವರ ವಿದೇಶಾಂಗ ಇಲಾಖೆ. ನಾನು ದುಬೈಗೆ ಮಾಡ್ಸಿದಾಗ ನನ್ನ ಸರ್ಟಿಫಿಕೇಟಿನ ಹಿಂದೆ ಒಂದು ಇಂಚು ಜಾಗ ಉಳಿದಿರ್ಲಿಲ್ಲ ನೋಡಿ.

ಆದ್ರೂ ನಿಮ್ಮ ಯಜಮಾನ್ರಿಗೆ ಒಂದು ಕೆಲಸ ಮಾಡೋಕೆ ಹೇಳಿ. ಕಂಪನಿಯ ಮಂದೂಬ್ ಇರ್ತಾನಲ್ಲ, ವೀಸಾ ಕಾಗದ ಹಿಡ್ಕೊಂಡು ಆಫೀಸಿಂದ ಆಫೀಸಿಗೆ ಓಡಾಡುವವ, ಅವನ ಹತ್ರ 'ಇಂಡಿಯಾ ಅಪೋಸ್ಟಿಲ್ ಓಕೆನಾ' ಅಂತ ವಾಟ್ಸಾಪಲ್ಲಿ ಕೇಳಿ ಉತ್ತರ ಇಟ್ಕೊಳ್ಳಿ. ಅರೇಬಿಕ್ ಅನುವಾದ ಬೇಕು ಅಂದ್ರೆ ಅಲ್ಲೇ ಮಾಡ್ಸಿ, ಇಲ್ಲಿ ಮಾಡ್ಸಬೇಡಿ.

ಮತ್ತೆ ವಿದೇಶಾಂಗ ಇಲಾಖೆ ಅಪೋಸ್ಟಿಲ್‌ಗೆ ತಗೊಳ್ಳೋ ಫೀ ಒಂದು ಕಾಗದಕ್ಕೆ 50 ರೂಪಾಯಿ. ಐವತ್ತು! ಅವರ ಕೌಂಟರಲ್ಲಿ ನೇರ ತಗೊಳ್ಳೋದಿಲ್ಲ, ಅವರೇ ನೇಮಿಸಿದ ಏಜೆನ್ಸಿಗಳ ಮೂಲಕ ಕೊಡ್ಬೇಕು, ಅವರ ಸರ್ವಿಸ್ ಚಾರ್ಜು ಬೇರೆ, ಅದೂ ದೊಡ್ಡದೇನಲ್ಲ. 2019ರಿಂದ ಬೆಂಗಳೂರಲ್ಲೇ ಆಗ್ತದೆ, ದಿಲ್ಲಿ ಎಂತಕ್ಕೆ?

ಘಟ್ಟದಮೇಲಿನವ_ಶಿರಸಿ

ಮೇಲಿನವ್ರು ಹೇಳಿದ್ದು ಸರಿ, ಆದ್ರೆ 'ಒಪ್ಪಂದದಲ್ಲಿ ಇದ್ರೆ ಸಾಕು' ಅಂತ ಓದಿ ಬೇರೆ ದೇಶಕ್ಕೆ ಹೋಗುವವ್ರು ಯಾರೂ ಮೋಸ ಹೋಗ್ಬೇಡಿ ಅಂತ ನನ್ನ ಕಥೆ ಹೇಳ್ತೆ. ನನ್ನ ತಮ್ಮ ಜರ್ಮನಿಗೆ ಎಂಎಸ್ ಮಾಡೂಕೆ ಹೊರಟ. ಜರ್ಮನಿ ಒಪ್ಪಂದದಲ್ಲಿ ಇದ್ದು, ಭಾರತವೂ ಇದ್ದು, ಇಬ್ರೂ ಇದ್ದಮೇಲೆ ಎಂತ ಅಡ್ಡಿ ಅಂತ ಡಿಗ್ರಿಗೆ, ಮಾರ್ಕ್ಸ್‌ಕಾರ್ಡಿಗೆ ಎಲ್ಲದಕ್ಕೂ ಅಪೋಸ್ಟಿಲ್ ಹಾಕ್ಸಿ ಫೈಲ್ ಮಾಡಿ ಇಟ್ಟ. ಆಮೇಲೆ ಗೊತ್ತಾಗಿದ್ದು, ಭಾರತ ಸೇರಿದ್ದಕ್ಕೆ ಜರ್ಮನಿ ಆಕ್ಷೇಪ ಹಾಕಿದ್ದು, ಹಂಗಾಗಿ ಇವೆರಡರ ಮಧ್ಯೆ ಅಪೋಸ್ಟಿಲ್ ನಡೆಯೂದಿಲ್ಲ. ಅವನಿಗೆ ನಿಜವಾಗಿ ಬೇಕಾಗಿದ್ದು ಎಪಿಎಸ್ ಸರ್ಟಿಫಿಕೇಟು, ಅಂದ್ರೆ ಓದಿನ ಕಾಗದ ಖರೆ ಅಂತ ಜರ್ಮನಿ ಕಡೆಯವ್ರೇ ಪರಿಶೀಲಿಸಿ ಕೊಡೂದು, 2022 ನವೆಂಬರಿಂದ ಜರ್ಮನಿಗೆ ಓದೂಕೆ ಹೋಗುವ ಭಾರತದ ಮಕ್ಕಳಿಗೆ ಅದು ಕಡ್ಡಾಯ. ಅಪ್ಪಯ್ಯ ಅಡಿಕೆ ಮಾರಿದ ದುಡ್ಡಲ್ಲಿ ಸ್ಟಿಕ್ಕರ್ ಅಂಟ್ಸಿದ್ದು ಈಗ ಕಪಾಟಿನಲ್ಲಿ ಚೊಲೊ ಇದ್ದು, ಬಂದವ್ರಿಗೆ ತೋರ್ಸೂಕೆ.

ಇನ್ನೊಂದು, ಡಿಗ್ರಿ ಯಾವ ರಾಜ್ಯದ್ದೋ ಅದೇ ರಾಜ್ಯದಲ್ಲಿ ಮೊದ್ಲ ಸಹಿ ಆಗ್ಬೇಕು. ಕಾರವಾರ ಕಡೆಯವ್ರು ಸುಮಾರು ಜನ ಗೋವಾದಲ್ಲಿ ಓದ್ತಾರಲ್ಲ, ಅವ್ರು ಅಲ್ಲೇ ಹೋಗ್ಬೇಕು, ಬೆಂಗಳೂರಲ್ಲಿ ನಿಂತು ಉಪಯೋಗ ಇಲ್ಲೆ.

ಹಳೇ_ಗುಮಾಸ್ತ

ಅಮ್ಮಾ, ನಿಮ್ಮ ಮಾವ ಹೇಳಿದ ನೋಟರಿ ಸಹಿ ಒಂದರಿಂದ ಆಗೂದಿಲ್ಲ. ಮದುವೆ, ಜನನ ಇವು ರಾಜ್ಯ ಸರ್ಕಾರದ ಗೃಹ ಇಲಾಖೆಯ ದೃಢೀಕರಣ ಆಗಿ ಆಮೇಲೆ ಅಪೋಸ್ಟಿಲ್‌ಗೆ ಹೋಗ್ಬೇಕು. ಆದ್ರೆ ನಾನು ಬರೀಲಿಕ್ಕೆ ಕೂತದ್ದು ಅದ್ಕಲ್ಲ. ಅಪೋಸ್ಟಿಲ್ ಅಂದ್ರೆ ಎಂತ ಅಂತ ಒಮ್ಮೆ ನೋಡಿ, ಒಂದು ಚೌಕದ ಸ್ಟಿಕ್ಕರು, ತಲೆಬರಹ ಫ್ರೆಂಚಲ್ಲಿ, ಕೆಳಗೆ ಒಂದರಿಂದ ಹತ್ತರವರೆಗೆ ನಂಬರ್ ಹಾಕಿದ ಸಾಲು: ಯಾವ ದೇಶ, ಸಹಿ ಯಾರದ್ದು, ಅವ್ರು ಯಾವ ಹುದ್ದೆಯವ್ರು, ಸೀಲು ಯಾವುದು, ಹೀಗೆ. ಅದು ಹೇಳೂದು 'ಈ ಸಹಿ ಖರೆ, ಈ ಸೀಲು ಖರೆ' ಅಂತ ಮಾತ್ರ. ಒಳಗೆ ಬರೆದ ಹೆಸರು ಸರಿ ಇದೆ ಅಂತ ಅದು ಹೇಳೂದಿಲ್ಲ. ತಪ್ಪು ಹೆಸರಿಗೂ ಅದೇ ಸ್ಟಿಕ್ಕರು, ಅದೇ 50 ರೂಪಾಯಿ.

ನಮ್ಮ ಜಿಲ್ಲೆಯಲ್ಲಿ ಇದೇ ದೊಡ್ಡ ಪಂಚಾಯ್ತಿ. ನಾಯ್ಕ ಬೇರೆ, ನಾಯಕ ಬೇರೆ, ನಮಗೆ ಗೊತ್ತು. ಇಂಗ್ಲಿಷಲ್ಲಿ ಬರೆಯುವವ ಹೊರಗಿನವ ಆದ್ರೆ ಎರಡನ್ನೂ ಒಂದೇ ಮಾಡಿ ಇಡ್ತಾನೆ. ಪಾಸ್‌ಪೋರ್ಟಲ್ಲಿ ಒಂದು ಸ್ಪೆಲ್ಲಿಂಗು, ಮದುವೆ ಸರ್ಟಿಫಿಕೇಟಲ್ಲಿ ಇನ್ನೊಂದು, ಮಗುವಿನ ಕಾಗದದಲ್ಲಿ ಅಪ್ಪನ ಹೆಸರಿಗೆ ಬರೀ ಇನಿಶಿಯಲ್ಲು. ಮಸ್ಕತ್‌ನ ಕೌಂಟರಲ್ಲಿ ಕೂತವ ಅಕ್ಷರ ಅಕ್ಷರ ಹೋಲ್ಸಿ ನೋಡ್ತಾನೆ, ಅವನಿಗೆ ಅಂಕೋಲೆಯ ಜಾತಿ ಲೆಕ್ಕ ಎಂತ ಗೊತ್ತು? ಮೂರೂ ಕಾಗದ ಮೇಜಿನ ಮೇಲೆ ಹರಡಿ ಪೆನ್ನಿನ ತುದಿ ಇಟ್ಟು ಒಂದೊಂದೇ ಅಕ್ಷರ ತಾಳೆ ನೋಡಿ. ಸೀಲಿನ ಖರ್ಚು ಆಮೇಲೆ.

ಮಗಳ ಜನನ ಪತ್ರದಲ್ಲಿ ಹೆಸರಿನ ಕಾಲಂ ಖಾಲಿ ಇಲ್ಲ ಅಂತಾನೂ ನೋಡಿ. ಎಷ್ಟೋ ಜನ ನಾಮಕರಣಕ್ಕೆ ಮುಂಚೆ ನೋಂದಣಿ ಮಾಡ್ಸಿ ಅಲ್ಲೇ ಮರೀತಾರೆ. ನೋಂದಣಿ ಆಗಿ ಹದಿನೈದು ವರ್ಷದೊಳಗೆ ಹೆಸರು ಸೇರಿಸ್ಬಹುದು, ಗಾಬರಿ ಬೇಡ.

ಕರಿಇಶಾಡು_ಅಂಕೋಲಾ

ಸರ್, ನೀವು ನಮ್ಮನೆ ಕಪಾಟು ನೋಡಿ ಬರೆದ ಹಾಗೆ ಉಂಟು. ಈಗಷ್ಟೇ ತೆಗೆದು ನೋಡ್ದೆ. ಇವ್ರ ಪಾಸ್‌ಪೋರ್ಟಲ್ಲಿ ನಾಯ್ಕ ಅಂತ ಸರಿ ಇದೆ, ಮದುವೆ ಸರ್ಟಿಫಿಕೇಟಲ್ಲಿ ಕನ್ನಡದಲ್ಲಿ ನಾಯ್ಕ, ಅದರ ಪಕ್ಕ ಇಂಗ್ಲಿಷಲ್ಲಿ ನಾಯಕ್! ಐದು ವರ್ಷದಿಂದ ಯಾರೂ ನೋಡ್ಲಿಲ್ಲ. ಮಗಳದ್ದು ಹೆಸರು ಇದೆ ದೇವರ ದಯೆ.

ಇನ್ನೊಂದು ಹೇಳೋಕೆ ನಾಚಿಕೆ. ಮಳೆಗಾಲದಲ್ಲಿ ಬೂಸ್ಟು ಹಿಡೀತದೆ ಅಂತ ನಮ್ಮ ಮಾವ ಮದುವೆ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡ್ಸಿ ಇಟ್ಟಿದ್ದಾರೆ, ದಪ್ಪದ್ದು, ಮೂಲೆಯಲ್ಲಿ ಫೋಟೋ ಸ್ಟುಡಿಯೋದ ಹೆಸರು ಬೇರೆ ಒಳಗೆ ಸೇರ್ಕೊಂಡಿದೆ. ಅದನ್ನ ಬಿಡಿಸ್ಬಹುದಾ? ಯೂಟ್ಯೂಬಲ್ಲಿ ಇಸ್ತ್ರಿ ಪೆಟ್ಟಿಗೆ ಇಟ್ಟು ಬಿಡಿಸೋದು ತೋರಿಸ್ತಿದ್ದಾರೆ.

ಭಟ್ಕಳದವ

ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡಿ ಮಾರಾಯ್ರೆ! ನನ್ನ ಅಣ್ಣನ ಮಗ ಎಸ್ಸೆಸ್ಸೆಲ್ಸಿ ಕಾರ್ಡಿಗೆ ಹಾಗೆ ಮಾಡಿ ಹೆಡ್‌ಮಾಸ್ತರ ಸಹಿ ಪ್ಲಾಸ್ಟಿಕ್ ಜೊತೆಗೇ ಎದ್ದು ಬಂತು.

ಹಳೇ_ಗುಮಾಸ್ತ

ಬಿಡಿಸೂದೇ ಬೇಡ. ಲ್ಯಾಮಿನೇಷನ್ ಮಾಡಿದ್ದರ ಮೇಲೆ ಸೀಲು ಸ್ಟಿಕ್ಕರು ಕೂರೂದಿಲ್ಲ, ತಗೊಳ್ಳೂದಿಲ್ಲ. ಮದುವೆ ನೋಂದಣಿ ಆದ ಸಬ್ ರಿಜಿಸ್ಟ್ರಾರ್ ಆಫೀಸಲ್ಲೇ ಇಬ್ಬರ ಪಾಸ್‌ಪೋರ್ಟ್ ಕಾಪಿ ಇಟ್ಟು ಇಂಗ್ಲಿಷ್ ಸ್ಪೆಲ್ಲಿಂಗ್ ತಿದ್ದುಪಡಿಗೆ ಅರ್ಜಿ ಕೊಡಿ, ಅದು ಆದಮೇಲೆ ಹೊಸ ದೃಢೀಕೃತ ಪ್ರತಿ ಕೇಳಿ. ನಿಮ್ಮ ಹೆಸರೂ ಒಮ್ಮೆ ನೋಡ್ಕೊಳ್ಳಿ, ಮದುವೆಗೆ ಮುಂಚಿನದ್ದು ಒಂದು ಕಡೆ ಆಮೇಲಿನದ್ದು ಒಂದು ಕಡೆ ಇರ್ತದೆ. ಹೊಸ ಪ್ರತಿಯಲ್ಲಿ ಈಗ ಕೂತಿರುವ ಅಧಿಕಾರಿಯ ಸಹಿ ಇರ್ತದೆ, ಬೆಂಗಳೂರಲ್ಲಿ ಸಹಿ ತಾಳೆ ನೋಡುವಾಗ ಅದೂ ಅನುಕೂಲ.

'ಒಂದೇ ವ್ಯಕ್ತಿ' ಅಂತ ನೋಟರಿ ಅಫಿಡವಿಟ್ ಸಾಕು ಅಂತ ಯಾರಾದ್ರೂ ಹೇಳ್ತಾರೆ. ಊರಲ್ಲಿ ಅದು ಬ್ಯಾಂಕಿಗೆ ನಡೀತದೆ, ಹೊರದೇಶಕ್ಕೆ ನಾನಾದ್ರೆ ಅದನ್ನ ನಂಬ್ಕೊಂಡು ಹೋಗೂದಿಲ್ಲ.

ಕರಿಇಶಾಡು_ಅಂಕೋಲಾ

ಸೋಮವಾರ ಆಫೀಸಿಗೆ ಹೋಗ್ತೇನೆ. ಮಂದೂಬ್ ಉತ್ತರ ಬಂತು, 'ಅಪೋಸ್ಟಿಲ್ ಓಕೆ' ಅಂತ, ಸ್ಕ್ರೀನ್‌ಶಾಟ್ ತೆಗೆದು ಇಟ್ಟಿದ್ದೇನೆ. ಹೊಸ ಕಾಗದ ಕೈಗೆ ಬಂದ್ಮೇಲೆ ನನ್ನ ಅಣ್ಣ ಕಾರವಾರದಿಂದ ಪಂಚಗಂಗಾ ರೈಲಲ್ಲಿ ಬೆಂಗಳೂರಿಗೆ ಹೋಗಿ ಕೊಟ್ಟು ಬರ್ತೇನೆ ಅಂದಿದ್ದಾನೆ.

ಅಂದ ಹಾಗೆ ಏಜೆಂಟ್ ಫೋನ್ ಮಾಡಿದ್ದ. ಎಂಬೆಸಿ ಸೀಲು ಬೇಡ, ಒಮಾನ್‌ಗೆ ಅಪೋಸ್ಟಿಲ್ ನಡೀತದೆ ಅಂತ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದ, ಆಮೇಲೆ 'ಹಂಗಾದ್ರೆ 9 ಸಾವಿರ ಕೊಡಿ ಅಕ್ಕಾ' ಅಂದ.