ಸಿಡಿಲಿಗೆ ಸುಟ್ಟ ರೂಟರ್‌ನ ಬ್ಯಾಕಪ್ ಫೈಲ್ ಬೇರೆ ಮಾಡೆಲ್‌ಗೆ ಹಾಕೋದು ಹೇಗೆ?

ಗಂಗಾವತಿ_ನೆಟ್: ಅಕ್ಕಿ ಗಿರಣಿಯೊಂದರ ಮೈಕ್ರೋಟಿಕ್ ಕಂಪನಿಯ ಹೆಕ್ಸ್ ರೂಟರ್ ಸಿಡಿಲಿಗೆ ಸುಟ್ಟಿದೆ. ಬದಲಿಗೆ ಅದೇ ಕಂಪನಿಯ ಆರ್‌ಬಿ4011 ತಂದಿದ್ದೇವೆ. ಹಳೆಯದರ ಸೆಟ್ಟಿಂಗ್ ಇರೋ ಡಾಟ್ ಬ್ಯಾಕಪ್ (.backup) ಫೈಲ್ ರಿಸ್ಟೋರ್ ಮಾಡಿದರೆ ನೆಟ್ ಬರ್ತಿಲ್ಲ. ಅದೇ ಫೈಲ್ ಪಾಸ್‌ವರ್ಡ್ ಇಲ್ಲದೆ ನಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲೂ ಬಿದ್ದಿದೆ. ಏನು ಮಾಡ್ಬೇಕ್ರಿ?

ರಾಯಚೂರು_ವೈರ್: ಡಾಟ್ ಬ್ಯಾಕಪ್ ಅದೇ ಮಾಡೆಲ್‌ಗೆ ಮಾತ್ರ ಸರಿಹೊಂದುತ್ತೆ. ಅದರೊಳಗೆ ಪೋರ್ಟ್‌ಗಳ ಮ್ಯಾಕ್ ಅಡ್ರೆಸ್ (ಪ್ರತಿ ಪೋರ್ಟಿನ ಗುರುತಿನ ಸಂಖ್ಯೆ) ಕೂಡ ಇರುತ್ತೆ. ಮಾಡೆಲ್ ಬದಲಾದರೆ ಬೇಕಾಗೋದು ಎಕ್ಸ್‌ಪೋರ್ಟ್, ಅಂದ್ರೆ ಸೆಟ್ಟಿಂಗ್‌ಗಳನ್ನ ಕಮಾಂಡ್‌ಗಳಾಗಿ ಬರೆದ ಡಾಟ್ ಆರ್‌ಎಸ್‌ಸಿ (.rsc) ಫೈಲ್.

ಯಾರ ಹತ್ತಿರನಾದ್ರೂ ಇನ್ನೊಂದು ಹೆಕ್ಸ್ ಇದ್ರೆ ಇಸ್ಕೊಳ್ರಿ. ಡಾಟ್ ಬ್ಯಾಕಪ್ ಅದಕ್ಕೆ ಹಾಕಿ, ಅಲ್ಲಿಂದ ಎಕ್ಸ್‌ಪೋರ್ಟ್ ತೆಗೀರಿ. ರೂಟರ್ ಓಎಸ್ (ಮೈಕ್ರೋಟಿಕ್‌ನ ಸಾಫ್ಟ್‌ವೇರ್) 7 ಇದ್ರೆ ಎಕ್ಸ್‌ಪೋರ್ಟ್ ಕಮಾಂಡ್‌ಗೆ ‘ಶೋ-ಸೆನ್ಸಿಟಿವ್’ ಸೇರಿಸಲೇಬೇಕು, ಇಲ್ಲಾಂದ್ರೆ ಪಿಪಿಪಿಓಇ (ಇಂಟರ್‌ನೆಟ್ ಕಂಪನಿಗೆ ಲಾಗಿನ್ ಆಗೋ ವಿಧಾನ), ವೈಫೈ ಪಾಸ್‌ವರ್ಡ್ ಫೈಲಿನೊಳಗೆ ಬರಲ್ಲ. ಲಾಗಿನ್ ಯೂಸರ್‌ಗಳ ಪಾಸ್‌ವರ್ಡ್, ಸರ್ಟಿಫಿಕೇಟ್ ಹೇಗೆ ಮಾಡಿದ್ರೂ ಬರಲ್ಲ, ಅವನ್ನ ಕೈಯಾರೆ ಹಾಕ್ರಿ.

ಆಮೇಲೆ ನೋಟ್‌ಪ್ಯಾಡ್‌ನಲ್ಲಿ ತೆರೆದು ಮ್ಯಾಕ್-ಅಡ್ರೆಸ್, ಅಡ್ಮಿನ್-ಮ್ಯಾಕ್ ಇರೋದನ್ನೆಲ್ಲ ತೆಗೀರಿ. ಮೊದಲ ಸಾಲಿಗೆ ‘:ಡಿಲೇ 15ಎಸ್’ ಬರೀರಿ. ಪೋರ್ಟ್‌ಗಳು ಎದ್ದೇಳೋ ಮುಂಚೆ ಸ್ಕ್ರಿಪ್ಟ್ ಓಡಿದ್ರೆ ಅರ್ಧಕ್ಕೇ ನಿಲ್ಲುತ್ತೆ. ಹೊಸದನ್ನ ‘ನೋ-ಡಿಫಾಲ್ಟ್ಸ್’ (ಕಂಪನಿ ಸೆಟ್ಟಿಂಗ್ ಬೇಡ ಅನ್ನೋ ಆಯ್ಕೆ) ಕೊಟ್ಟೇ ರಿಸೆಟ್ ಮಾಡಿ, ಈ ಫೈಲ್ ಇಂಪೋರ್ಟ್ ಮಾಡ್ರಿ.

ಬಳ್ಳಾರಿ_ಎನ್ಓಸಿ: ಗ್ರೂಪಿಗೆ ಹೋದ ಫೈಲ್ ಈಗ ಎಲ್ಲರ ಫೋನಿನಲ್ಲಿದೆ, ಡಿಲೀಟ್ ಮಾಡಿ ಪ್ರಯೋಜನ ಇಲ್ಲ. ರೂಟರ್ ಓಎಸ್ 6.43ರಿಂದ ಈಚೆಗೆ ಪಾಸ್‌ವರ್ಡ್ ಕೊಡದ ಬ್ಯಾಕಪ್ ಎನ್‌ಕ್ರಿಪ್ಟ್ ಆಗೋದೇ ಇಲ್ಲ. ಲಾಗಿನ್, ಪಿಪಿಪಿಓಇ, ವೈಫೈ, ವಿಪಿಎನ್ ಕೀ, ಎಸ್‌ಎನ್‌ಎಂಪಿ ಕಮ್ಯುನಿಟಿ (ದೂರದಿಂದ ರೂಟರ್ ಗಮನಿಸೋಕೆ ಬಳಸೋ ಗುಟ್ಟಿನ ಪದ) ಎಲ್ಲಾ ಇವತ್ತೇ ಬದಲಿಸಿ. ಅದೇ ಲಾಗಿನ್ ಪಾಸ್‌ವರ್ಡ್ ಬೇರೆ ಗಿರಣಿಗಳಲ್ಲೂ ಇಟ್ಟಿದ್ರೆ ಅಲ್ಲೂ.

ಇನ್ಮೇಲೆ ಬ್ಯಾಕಪ್ ತೆಗೆಯುವಾಗ ಪಾಸ್‌ವರ್ಡ್ ಜೊತೆ ‘ಎಇಎಸ್-ಎಸ್‌ಎಚ್‌ಎ256’ ಅನ್ನೋ ಎನ್‌ಕ್ರಿಪ್ಶನ್ ಕೊಡಿ. ಎಕ್ಸ್‌ಪೋರ್ಟ್ ಬರೀ ಟೆಕ್ಸ್ಟ್, ಅದನ್ನ 7-ಜಿಪ್‌ನಲ್ಲಿ ಹಾಕಿ ಎಇಎಸ್-256 ಪಾಸ್‌ವರ್ಡ್ ಇಡಿ. ಪಾಸ್‌ವರ್ಡ್ ಅದೇ ಫೋಲ್ಡರಿನಲ್ಲಿ ಬೇಡ. ರೂಟರಿಂದ ಎಸ್‌ಎಫ್‌ಟಿಪಿಯಲ್ಲಿ (ಎನ್‌ಕ್ರಿಪ್ಟ್ ಆಗಿ ಫೈಲ್ ಸಾಗಿಸೋ ವಿಧಾನ) ಎಳೆದುಕೊಂಡ ಮೇಲೆ ಅದರ ಫೈಲ್ಸ್ ಮೆನುವಿನಿಂದ ಅಳಿಸಿ. ಟಿಎಫ್‌ಟಿಪಿ ಬೇಡವೇ ಬೇಡ, ಅದಕ್ಕೆ ಲಾಗಿನ್ನೂ ಇಲ್ಲ, ಎನ್‌ಕ್ರಿಪ್ಶನ್ನೂ ಇಲ್ಲ.

ಕೊಪ್ಪಳ_ಲ್ಯಾನ್: ಸಿಸ್ಕೋ ಕಂಪನಿ ರೂಟರ್ ಇರೋರು ಗಮನಿಸಿ: ಕಾನ್ಫಿಗ್‌ನಲ್ಲಿ ‘ಪಾಸ್‌ವರ್ಡ್ 7’ ಅಂತ ಕಾಣೋದು ಬರೀ ಮರೆಮಾಚಿದ್ದು, ಕ್ಷಣದಲ್ಲಿ ಬಿಚ್ಚಬಹುದು. ಟೈಪ್ 8 ಅಥವಾ 9 ಬಳಸಿ.

ಗಂಗಾವತಿ_ನೆಟ್: ಹೆಕ್ಸ್ ಸಿಕ್ತು, ಎಕ್ಸ್‌ಪೋರ್ಟ್ ತೆಗೆದೆ. ಇಂಪೋರ್ಟ್ ಬ್ರಿಡ್ಜ್ (ಪೋರ್ಟ್‌ಗಳನ್ನ ಒಂದುಗೂಡಿಸೋ ಇಂಟರ್‌ಫೇಸ್) ಸಾಲಿಗೇ ನಿಂತು ‘ಈ ಹೆಸರಿನ ಇಂಟರ್‌ಫೇಸ್ ಈಗಾಗಲೇ ಇದೆ’ ಅಂತಿದೆ.

ರಾಯಚೂರು_ವೈರ್: ನೋ-ಡಿಫಾಲ್ಟ್ಸ್ ಬಿಟ್ಟೀರಿ. ಕಂಪನಿಯಿಂದ ಬಂದ ಡಿಫಾಲ್ಟ್ ಬ್ರಿಡ್ಜ್ ಒಳಗೇ ಉಳಿದಿದೆ. ಮತ್ತೊಮ್ಮೆ ರಿಸೆಟ್ ಮಾಡಿ ಹಾಕ್ರಿ.