ಅತ್ತಿಗೆ, ಒಲೆ ಒಡೆಸಬೇಡಿ, ಮೊದಲು ಪೈಪು ನೋಡಿ

ಅತ್ತಿಗೆ, ನಿನ್ನೆ ರಾತ್ರಿ ನೀವು ಗ್ರೂಪಿಗೆ ಹಾಕಿದ್ದನ್ನು ಈಗ ಕೇಳಿದೆ. ಮಳೆ ಹಿಡಿದಾಗಿನಿಂದ ಅಸ್ತ್ರ ಒಲೆಯ, ಅಂದರೆ ಪೈಪಿರುವ ಮೂರು ಕಣ್ಣಿನ ಕಟ್ಟಿಗೆ ಒಲೆಯ, ಹೊಗೆ ಪೈಪಿನಲ್ಲಿ ಹೋಗದೆ ಅಡುಗೆಮನೆಗೇ ವಾಪಸ್ ಬರುತ್ತಿದೆ. ಬೆಳಿಗ್ಗೆ ಜಾಸ್ತಿ, ಮಧ್ಯಾಹ್ನ ಸ್ವಲ್ಪ ವಾಸಿ, ಗಾಳಿ ಬೀಸಿದ ದಿನ ಕಣ್ಣು ಬಿಡಲಿಕ್ಕೇ ಆಗುವುದಿಲ್ಲ. ಗಾರೆಯವರು ಒಲೆಯನ್ನೇ ಒಡೆದು ಕಟ್ಟೋಣ ಎಂದಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ದಯವಿಟ್ಟು ಒಡೆಸಬೇಡಿ. ನಾವು ಒಮ್ಮೆ ಹಾಗೆ ಒಡೆಸಿ ಹೊಸದಾಗಿ ಕಟ್ಟಿಸಿದೆವು. ಹೊಗೆ ಮಾತ್ರ ಹಾಗೇ ಇತ್ತು. ಅಮ್ಮ ಆ ಮಳೆಗಾಲ ಪೂರ್ತಿ ಕೆಮ್ಮಿದಳು. ಆಮೇಲೆ ಗೊತ್ತಾಯಿತು, ತಪ್ಪು ಒಲೆಯದ್ದಲ್ಲ, ಮಾಡಿನ ಮೇಲಿನ ಪೈಪಿನದ್ದು.

ಬೇರೆಲ್ಲಕ್ಕಿಂತ ಮುಂಚೆ ಒಂದು ಮಾತು. ದೊಡ್ಡಮ್ಮ ಪಕ್ಕದ ಕೋಣೆಯಲ್ಲೇ ಮಲಗುತ್ತಾರೆ ಅಲ್ವಾ? ಇದು ಸರಿಹೋಗುವ ತನಕ ಒಲೆ ಉರಿಯುವಾಗ ಒಂದು ಕಿಟಕಿ ತೆಗೆದೇ ಇಡಿ. ರಾತ್ರಿ ಕೆಂಡ ಬಿಟ್ಟು ಮಲಗಬೇಡಿ. ಕಣ್ಣು ಉರಿಸುವ ಹೊಗೆ ಕಾಣುತ್ತದೆ. ಆದರೆ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಯಾರಿಗಾದರೂ ತಲೆನೋವು, ತಲೆಸುತ್ತು ಬಂದರೆ ತಕ್ಷಣ ಹೊರಗೆ ಕರೆದುಕೊಂಡು ಹೋಗಿ.

ಈಗ ಒಲೆಯ ವಿಷಯ. ಪೈಪು ಹೊಗೆ ಎಳೆಯುವುದು ಅದರೊಳಗಿನ ಗಾಳಿ ಬಿಸಿಯಾಗಿ ಹಗುರವಾದಾಗ. ಪೈಪು ಎಷ್ಟು ಬಿಸಿ, ಎಷ್ಟು ಎತ್ತರ, ಅಷ್ಟು ಎಳೆತ. ಜೊತೆಗೆ ಮೇಲೆ ಹೋದಷ್ಟು ಗಾಳಿ ಮನೆಯೊಳಗೆ ಎಲ್ಲಿಂದಲಾದರೂ ಬರಬೇಕು. ನಿಮ್ಮ ಮನೆಯಲ್ಲಿ ಮೊದಲು ಕೆಟ್ಟಿರುವುದು ಇದೇ ಅಂತ ನನಗನ್ನಿಸುತ್ತದೆ. ಹೋದ ಬೇಸಿಗೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿಸಿದಿರಿ. ಹಂಚಿನ ಮೇಲೆ ಶೀಟ್ ಹೊದಿಸಿದಿರಿ. ಈಗ ಮಳೆಗೆ ಕಿಟಕಿಗಳೂ ಮುಚ್ಚಿವೆ. ಮೊದಲು ಹಂಚಿನ ಸಂದಿಯಲ್ಲೆಲ್ಲ ಗಾಳಿಯಾಡುತ್ತಿತ್ತು, ಈಗ ಮನೆ ಡಬ್ಬಿಯ ಹಾಗೆ. ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ, ಬದಲಿಗೆ ಬರುವ ಗಾಳಿಗೆ ಉಳಿದ ದಾರಿ ಹೊಗೆ ಪೈಪು ಒಂದೇ. ಹೊಗೆ ಹೋಗಲಿ ಎಂದು ಹಾಕಿದ ಫ್ಯಾನೇ ಹೊಗೆಯನ್ನು ಕೆಳಗೆ ಎಳೆಯುತ್ತದೆ.

ನೋಡುವುದು ಸುಲಭ. ನಾಳೆ ಬೆಳಿಗ್ಗೆ ಬೆಂಕಿ ಹಾಕುವ ಮುಂಚೆ ಊದುಬತ್ತಿ ಹಚ್ಚಿ ಒಲೆಯ ಬಾಯಿಯ ಹತ್ತಿರ ಹಿಡಿಯಿರಿ. ಫ್ಯಾನ್ ಹಾಕಿ ನೋಡಿ, ಆರಿಸಿ ಕಿಟಕಿ ತೆಗೆದು ನೋಡಿ. ಹೊಗೆ ಒಳಗೆ ಎಳೆದುಕೊಂಡು ಹೋದರೆ ಸರಿ. ನಿಮ್ಮ ಮುಖದ ಕಡೆಗೆ ಬಂದರೆ ಪೈಪಿನಲ್ಲಿ ಗಾಳಿ ಇಳಿಯುತ್ತಿದೆ ಎಂದರ್ಥ.

ಫ್ಯಾನ್ ಆರಿಸಿದ ಮೇಲೂ ಇಳಿಯುತ್ತಿದ್ದರೆ ಪೈಪು ತಣ್ಣಗಿದೆ. ರಾತ್ರಿಯಿಡೀ ಮಳೆಯಲ್ಲಿ ನೆಂದ ಪೈಪಿನೊಳಗೆ ಭಾರದ ಗಾಳಿ ಕೂತಿರುತ್ತದೆ. ಪೈಪಿನ ಬುಡದಲ್ಲಿ ಮಸಿ ತೆಗೆಯುವ ಬಾಯಿ ಇದೆಯಲ್ಲ, ಅಲ್ಲಿ ಒಂದು ಹಾಳೆ ಪೇಪರ್ ಸುರುಳಿ ಮಾಡಿ ಉರಿಸಿ, ಆಮೇಲೆ ಒಲೆ ಹಚ್ಚಿ. ಇದನ್ನು ಮಸಿ ತೆಗೆದ ಮೇಲೆ ಮಾತ್ರ ಮಾಡಿ, ದಪ್ಪ ಮಸಿಗೆ ಬೆಂಕಿ ಹಿಡಿದರೆ ಅಪಾಯ. ಶುರುವಿಗೆ ಅಡಿಕೆ ಹಾಳೆ, ಸಣ್ಣ ಚಕ್ಕೆ ಸಾಕು, ದೊಡ್ಡ ಕೊರಡು ಬೇಡ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಬೆಂಕಿಯ ಕಾವೆಲ್ಲ ಅದನ್ನು ಒಣಗಿಸಲಿಕ್ಕೇ ಹೋದರೆ ಪೈಪು ಬಿಸಿಯಾಗುವುದು ಹೇಗೆ? ಆ ಹೊಗೆಯೇ ಪೈಪಿನೊಳಗೆ ಅಂಟಾಗಿ ಹಿಡಿಯುತ್ತದೆ. 3 ಇಂಚಿನ ಪೈಪಿಗೆ ಸುತ್ತ ಅರ್ಧ ಇಂಚು ಮಸಿ ಹಿಡಿದರೆ ಉಳಿಯುವುದು 2 ಇಂಚು. ಹೊಗೆಗೆ ದಾರಿ ಅರ್ಧಕ್ಕಿಂತ ಕಡಿಮೆ.

ಒಲೆ ತಣ್ಣಗಿದ್ದಾಗ ಆ ಬಾಯಿಯಲ್ಲಿ ಕನ್ನಡಿ ಹಿಡಿದು ಮೇಲೆ ನೋಡಿ. ಬೆಳಕು ಕಾಣಬೇಕು. ಕಾಣದಿದ್ದರೆ ಮಸಿ, ಇಲ್ಲವೇ ಕಣಜದ ಗೂಡು. ತುದಿಯ ಟೊಪ್ಪಿಗೆ ಬಲೆ ಹಾಕಿದ್ದರೆ ಮಸಿ ಮೊದಲು ಕಟ್ಟಿಕೊಳ್ಳುವುದು ಅಲ್ಲೇ. ಒಂದು ಎಚ್ಚರಿಕೆ. ನಿಮ್ಮದು ಹಳೆಯ ಬೂದು ಬಣ್ಣದ ಸಿಮೆಂಟ್ ಪೈಪು, ಕಲ್ನಾರಿನದ್ದು, ಅಂದರೆ ಆಸ್ಬೆಸ್ಟಾಸಿನದ್ದು ಇರಬಹುದು. ಅದನ್ನು ಗರಗಸದಲ್ಲಿ ಕೊಯ್ಯುವುದು, ತಂತಿ ಬ್ರಷ್ಷಿನಲ್ಲಿ ಕೆರೆಯುವುದು ಬೇಡ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಹುದು. ಮೆತ್ತನೆಯ ಬ್ರಷ್ಷೇ ಸಾಕು, ಎತ್ತರ ಬೇಕಾದರೆ ಸ್ಟೀಲ್ ಪೈಪು ಹಾಕಿಸೋಣ.

ಎತ್ತರ ಬೇಕಾಗುತ್ತದೆ ಅಂತಲೇ ನನ್ನ ಅನುಮಾನ. ನಮ್ಮ ಮನೆಯಲ್ಲಿ ಆಗಿದ್ದು ಇದೇ. ಹಂಚಿದ್ದಾಗ ಪೈಪು ಮಾಡಿನ ಮೇಲೆ ಚೆನ್ನಾಗಿ ತಲೆ ಎತ್ತಿ ನಿಂತಿತ್ತು. ಶೀಟಿನ ಮಾಡು ಬಂದ ಮೇಲೆ ಅದರ ಪಕ್ಕದಲ್ಲಿ ಕುಳ್ಳಾಯಿತು. ಮಾಡಿನ ತುದಿ ದಾಟಿದ ಗಾಳಿ ಸುರುಳಿ ಸುತ್ತಿ ನೇರ ಪೈಪಿನೊಳಗೆ ಇಳಿಯುತ್ತಿತ್ತು. ಪೈಪು ಮಾಡಿನಿಂದ ಹೊರಬಂದಲ್ಲಿಂದ 3 ಅಡಿಯಾದರೂ ಇರಬೇಕು. ಸುತ್ತ 10 ಅಡಿಯೊಳಗೆ ಇರುವ ಮಾಡಿಗಿಂತ 2 ಅಡಿ ಮೇಲಿರಬೇಕು. ನಿಮ್ಮ ಪೈಪು ಶೀಟಿನ ಕೆಳಗೇ ನಿಂತಿದ್ದರಂತೂ ಹೊಗೆ ಎರಡು ಮಾಡುಗಳ ನಡುವೆ ಸುತ್ತುತ್ತಿದೆ, ಅಲ್ಲಿ ಅಡಿಕೆ ಸಿಪ್ಪೆ ಏನಾದರೂ ಇಟ್ಟಿದ್ದರೆ ಇವತ್ತೇ ತೆಗೆಸಿ.

ಒಲೆಯಲ್ಲಿ ನೋಡಬೇಕಾದ್ದು ಸ್ವಲ್ಪವೇ. ಜಾಲರಿಯ ಕೆಳಗಿನ ಬೂದಿ ದಿನಾ ತೆಗೆಯಿರಿ, ಗಾಳಿ ಬರುವುದು ಅಲ್ಲಿಂದ. ಮೂರು ಕಣ್ಣಿನ ಮೇಲೂ ಪಾತ್ರೆ ಬಿಗಿಯಾಗಿ ಕೂತಿರಲಿ. ಒಂದು ಕಣ್ಣು ತೆರೆದಿದ್ದರೂ ಪೈಪು ಬೆಂಕಿಯನ್ನು ಬಿಟ್ಟು ಅಡುಗೆಮನೆಯ ತಣ್ಣನೆ ಗಾಳಿಯನ್ನೇ ಎಳೆಯುತ್ತದೆ. ಹೊಸ ಕುಕ್ಕರ್ ಸಣ್ಣದಾದರೆ ಸಂದಿ ಮುಚ್ಚುವ ಹಾಗೆ ಕಣ್ಣಿನ ಮೇಲೆ ಲೋಹದ ಬಳೆ ಇಡಿ. ಬಿರುಕಿಗೆ ಮಣ್ಣು, ಸೆಗಣಿ ಕಲಸಿ ಮೆತ್ತಿ. 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಸ್ತ್ರ ಎಂಬ ಕೇಂದ್ರ ಶುರುಮಾಡಿದರು. ಈ ಒಲೆ ಅಲ್ಲಿಂದ ಬಂದದ್ದು, ಹೆಂಗಸರ ಕಣ್ಣಿಗೆ ಹೊಗೆ ಹೋಗದಿರಲಿ, ಕಟ್ಟಿಗೆ ಉಳಿಯಲಿ ಎಂದು. ಅಂಥ ಒಲೆಯನ್ನು ಸುಮ್ನೆ ಒಡೆಯಲು ನನಗೆ ಮನಸ್ಸೇ ಇಲ್ಲ.

ಊದುಬತ್ತಿ ಹಿಡಿದಾಗ ಒಂದು ವಿಡಿಯೊ ತೆಗೆದು ಹಾಕಿ. ಅಂಗಳದಿಂದ ಪೈಪಿನ ತುದಿಯ ಫೋಟೊನೂ ಬೇಕು, ಮಾಡು ಪೂರ್ತಿ ಕಾಣುವ ಹಾಗೆ. ಅಣ್ಣ ಈ ಮಳೆಯಲ್ಲಿ ಒಬ್ಬನೇ ಮಾಡು ಹತ್ತುವುದು ಬೇಡ, ಶೀಟು ಜಾರುತ್ತದೆ. ಭಾನುವಾರ ಮಳೆ ಬಿಟ್ಟರೆ ಬ್ರಷ್ಷು, ಏಣಿ ತಗೊಂಡು ನಾನೇ ಬರುತ್ತೇನೆ.