ಮಗನಿಗೆ ಫ್ರಟರ್ನಿಟಿಯಿಂದ ಬಿಡ್ ಬಂದಿದೆ, ಅನುಭವ ಇದ್ದವರು ಹೇಳಿ

ಓಹಾಯೊ ಅಮ್ಮ:
ಮಗ ಕಾಲೇಜಿನ ಮೊದಲ ವರ್ಷದಲ್ಲಿದ್ದಾನೆ. ಆಗಸ್ಟ್‌ನಿಂದ ಯಾವಾಗ ವಿಡಿಯೊ ಕರೆ ಮಾಡಿದರೂ ಊಟದ ಹಾಲ್‌ನಲ್ಲಿ ಒಬ್ಬನೇ ಕುಳಿತಿರುತ್ತಿದ್ದ. ಈಗ ಫ್ರಟರ್ನಿಟಿಗೆ, ಅಂದರೆ ಕಾಲೇಜು ಹುಡುಗರ ಸದಸ್ಯತ್ವದ ಸಂಘಕ್ಕೆ, ಸೇರಲು ಆಹ್ವಾನ (ಬಿಡ್) ಬಂದಿದೆ, ಶುಕ್ರವಾರದೊಳಗೆ ಉತ್ತರ ಕೊಡಬೇಕು. ಅವನ ಅಪ್ಪ ಸುದ್ದಿ ಕೇಳಿ ಊಟದ ಮಧ್ಯೆಯೇ ಎದ್ದು ಹೋದರು. ಏನು ಮಾಡಲಿ?

ಡಲ್ಲಾಸ್ ತಂದೆ:
ಲೆಕ್ಕ ಇಟ್ಟಿದ್ದೇನೆ, ಓದಿಕೊಳ್ಳಿ. ಮೊದಲ ಸೆಮಿಸ್ಟರ್‌ನ ಡ್ಯೂಸ್ (ಸದಸ್ಯತ್ವದ ಹಣ) 850 ಡಾಲರ್. ಹೊಸ ಸದಸ್ಯರ ಶುಲ್ಕ 375. ಎದೆಗೆ ಚುಚ್ಚಿಕೊಳ್ಳುವ ಪಿನ್ 60. ಟೀಶರ್ಟ್ ಏಳು, ಒಂದಕ್ಕೆ 22ರಂತೆ 154. ಒಂದೇ ಒಂದು ರಾತ್ರಿಯ ಔತಣಕ್ಕೆ ಸೂಟು 310. ಸಭೆ ತಪ್ಪಿಸಿದ್ದಕ್ಕೆ 25ರಂತೆ ಮೂರು ದಂಡ. ಒಟ್ಟು 1824. ಇಷ್ಟು ಕೊಟ್ಟು ನಾವು ಪಡೆದದ್ದು: 3.7 ಇದ್ದ ಜಿಪಿಎ (ಅಂಕಗಳ ಸರಾಸರಿ) 2.6ಕ್ಕೆ ಇಳಿಯಿತು, ಕೆಮಿಸ್ಟ್ರಿಯನ್ನು ಬೇಸಿಗೆಯಲ್ಲಿ ಮತ್ತೊಮ್ಮೆ ದುಡ್ಡು ಕಟ್ಟಿ ಓದಿದ. ಆ ಏಳು ಟೀಶರ್ಟ್‌ಗಳಲ್ಲಿ ಎರಡರಿಂದ ಈಗ ನಾನು ಕಾರು ಒರೆಸುತ್ತೇನೆ.

ಆಸ್ಟಿನ್‌ನ ಹಳೆಯ ಸದಸ್ಯ:
ಸರ್, ಕೆಮಿಸ್ಟ್ರಿ ಕೈಕೊಟ್ಟದ್ದಕ್ಕೆ ಫ್ರಟರ್ನಿಟಿ ಏನು ಮಾಡಬೇಕು? ನಾನು ಹದಿನೈದನೆಯ ವಯಸ್ಸಿನಲ್ಲಿ ಮೈಸೂರಿನಿಂದ ಬಂದವನು. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ನಾನು ಸೇರಿದ್ದು ದಕ್ಷಿಣ ಏಷ್ಯಾದವರ ಫ್ರಟರ್ನಿಟಿಯನ್ನು. ಅಂಥವು ಹೊಸವೇನಲ್ಲ: ಡೆಲ್ಟಾ ಎಪ್ಸಿಲಾನ್ ಸೈ 1998ರಲ್ಲಿ ನಮ್ಮ ಆಸ್ಟಿನ್‌ನಲ್ಲೇ ಹುಟ್ಟಿತು, ಬೀಟಾ ಕೈ ಥೀಟಾ 1999ರಲ್ಲಿ ಲಾಸ್ ಏಂಜಲೀಸ್‌ನಲ್ಲಿ. ಎರಡನೆಯ ವರ್ಷ ನನ್ನನ್ನು ಖಜಾಂಚಿ ಮಾಡಿದರು. ನಲವತ್ತಮೂರು ಜನರ ಬಾಗಿಲು ತಟ್ಟಿ ಬಾಕಿ ಕೇಳಿದವನಿಗೆ ಇಂದು ಯಾವ ಮ್ಯಾನೇಜರ್ ಎದುರೂ ನಾಲಿಗೆ ಒಣಗುವುದಿಲ್ಲ. ಅಜ್ಜಿ ತೀರಿಕೊಂಡ ಸುದ್ದಿ ಬಂದ ರಾತ್ರಿ ನನ್ನ 'ಬಿಗ್ ಬ್ರದರ್', ಅಂದರೆ ಹೊಸಬನ ಜೊತೆಗಿರುವ ಹಿರಿಯ ಸದಸ್ಯ, ನಸುಕಿನ ಮೂರು ಗಂಟೆಗೆ ಅನ್ನ ಮಾಡಿದ. ಮೊಸರು ಸಿಗದೆ ಸಿಹಿ ಯೋಗರ್ಟ್ ಕಲಸಿದ. ಅದನ್ನೇ ತಿಂದೆ.

ಪೆನ್ಸಿಲ್ವೇನಿಯಾ ತಾಯಿ:
ಯೋಗರ್ಟ್ ಕಥೆ ಚೆನ್ನಾಗಿದೆ. ನಮ್ಮ ರಾಜ್ಯದಲ್ಲಿ 2017ರಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಫ್ರಟರ್ನಿಟಿಯವರು ಕುಡಿಸಿದ ಮದ್ಯ ಕುಡಿದು ಮೆಟ್ಟಿಲಿನಿಂದ ಬಿದ್ದ. ಹೆಚ್ಚುಕಡಿಮೆ ಹನ್ನೆರಡು ಗಂಟೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. ಆಮೇಲೆ ಹುಡುಗ ಉಳಿಯಲಿಲ್ಲ. ಮರುವರ್ಷ ಇಲ್ಲಿ ಹೊಸಬರಿಗೆ ಕೊಡುವ ಇಂಥ ಕಿರುಕುಳದ (ಹೇಜಿಂಗ್) ವಿರುದ್ಧ ಕಾನೂನು ಬಿಗಿಯಾಯಿತು, 2024ರ ಡಿಸೆಂಬರ್‌ನಲ್ಲಿ ದೇಶಕ್ಕೇ ಒಂದು ಕಾನೂನು ಬಂತು. ನನ್ನ ಮಗ ಪ್ಲೆಜ್ (ಇನ್ನೂ ಪೂರ್ಣ ಸದಸ್ಯನಾಗದ ಹೊಸಬ) ಆಗಿದ್ದ ಏಳು ವಾರದಲ್ಲಿ ಆರು ಕೆಜಿ ಇಳಿದ. ಕೇಳಿದರೆ 'ಓಡುತ್ತಿದ್ದೇನೆ ಅಮ್ಮ' ಎನ್ನುತ್ತಿದ್ದ. ಇವತ್ತಿಗೂ ನಿಜ ಹೇಳಿಲ್ಲ.

ಆಸ್ಟಿನ್‌ನ ಹಳೆಯ ಸದಸ್ಯ:
ಮೇಡಂ, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನನಗೆ ಆಗಿದ್ದು ಇಷ್ಟೇ: ಹಚ್ಚಿದ ಬೆಂಕಿಕಡ್ಡಿ ಕೈಯಲ್ಲಿ ಹಿಡಿದು, ಅದು ಆರುವುದರೊಳಗೆ ಗ್ರೀಕ್ ಅಕ್ಷರಮಾಲೆ ಒಪ್ಪಿಸಬೇಕು.

ಪೆನ್ಸಿಲ್ವೇನಿಯಾ ತಾಯಿ:
'ಇಷ್ಟೇ'? ಬೆರಳು ಸುಡಲಿಲ್ಲವೇ?

ಆಸ್ಟಿನ್‌ನ ಹಳೆಯ ಸದಸ್ಯ:
ಎರಡು ಸಲ. ಅದಕ್ಕೇನೀಗ?

ನ್ಯೂಜೆರ್ಸಿ ಹಿರಿಯರು:
ಇಷ್ಟೆಲ್ಲ ಏಕೆ? ಕನ್ನಡ ಕೂಟ ಇಲ್ಲವೇ? ನಮ್ಮ ಮಕ್ಕಳು ಅಲ್ಲೇ ಬೆಳೆದರು.

ಡಲ್ಲಾಸ್ ತಂದೆ:
ಬೆಳೆದರು, ಕುರ್ಚಿ ಜೋಡಿಸುತ್ತ. ಯುಗಾದಿ ಊಟಕ್ಕೆ ಸದಸ್ಯರಲ್ಲದವರಿಂದ ತಲೆಗೆ 30 ಡಾಲರ್ ಕೀಳುವವರು ಫ್ರಟರ್ನಿಟಿಯ ಬಗ್ಗೆ ಮಾತಾಡಬಾರದು.

ನ್ಯೂಜೆರ್ಸಿ ಹಿರಿಯರು:
ಹೋಳಿಗೆ ಸೇರಿಸಿ 30. ಹಾಲ್ ಬಾಡಿಗೆ ನಿಮ್ಮ ಮಾವ ಕೊಡುತ್ತಾರೆಯೇ?

ಡಲ್ಲಾಸ್ ತಂದೆ:
ಮಾವನನ್ನು ಇಲ್ಲಿಗೆ ತರಬೇಡಿ. ಹೋದ ವರ್ಷ ಕೊನೆಯ ಪಂಕ್ತಿಗೆ ಹೋಳಿಗೆಯೇ ಇರಲಿಲ್ಲ.

ಓಹಾಯೊ ಅಮ್ಮ:
ದಯವಿಟ್ಟು ಜಗಳ ಬೇಡ. ನಿನ್ನೆ ಕರೆ ಮಾಡಿದಾಗ ಅವನ ಹಿಂದೆ ನಾಲ್ಕೈದು ಹುಡುಗರು ನಗುತ್ತಿದ್ದರು. ಒಬ್ಬ 'ಹಲೋ ಆಂಟಿ' ಎಂದ. ಈ ಕರೆಯ ವಿಷಯ ಅವನ ಅಪ್ಪನಿಗೆ ಇನ್ನೂ ಹೇಳಿಲ್ಲ. ಡ್ಯೂಸ್ ಕಂತಿನಲ್ಲಿ ಕಟ್ಟಬಹುದೇ?

ಡಲ್ಲಾಸ್ ತಂದೆ:
ಕಟ್ಟಬಹುದು. ನಮಗೆ ನಾಲ್ಕು ಕಂತು ಕೊಟ್ಟಿದ್ದರು. ಪ್ರತಿ ಕಂತಿಗೆ 15 ಡಾಲರ್ ಹೆಚ್ಚು. ಮೇಲಿನ 1824ರಲ್ಲಿ ಅದನ್ನು ಸೇರಿಸಲು ಮರೆತಿದ್ದೆ. 1884 ಎಂದು ತಿದ್ದಿಕೊಳ್ಳಿ.